ಟಪಾಲಕ್ಕನ ನಾಲಿಗೆ

ಆಸ್ಪತ್ರೆಗಳಿಗೂ ಔಷಧಿ ಅಂಗಡಿಗಳಿಗೂ ಮಾಲು ಸಾಗಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಟಪಾಲಕ್ಕ ಎಂದೇ ಕರೆಯುತ್ತಿದ್ದರು. ಟಪಾಲಿಗೂ ಅವಳಿಗೂ ಏನೇನೂ ಸಂಬಂಧವಿರಲಿಲ್ಲ. ಅವಳು ಹೊತ್ತು ತಿರುಗುತ್ತಿದ್ದುದು ಬರೀ ಬಾಯಿಮಾತು.

ಅವಳ ಗಂಡ ಅದೇ ಕಂಪನಿಯ ಲಾರಿ ಓಡಿಸುತ್ತಿದ್ದವನು. ಮಗಳಿಗೆ ಮಾತು ಬರುವ ಮೊದಲೇ ತೀರಿಕೊಂಡ. ಹಳೆಯ ಧಣಿಗಳು ಅವಳನ್ನು ಕರೆಸಿ ಟೆಲಿಫೋನಿನ ಮುಂದೆ ಕೂರಿಸಿದರು. ಔಷಧಿ ತಲುಪದ ಅಂಗಡಿಯವರು ಆ ಕಡೆಯಿಂದ ಬೆಂಕಿ ಉಗುಳುತ್ತಿದ್ದರೆ ಅವಳು ಈ ಕಡೆ ಹೂಂಗುಟ್ಟುತ್ತಾ, ಅವರ ಮಕ್ಕಳ ಯೋಗಕ್ಷೇಮ ಕೇಳುತ್ತಾ, ಸಿಟ್ಟು ಅರ್ಧಕ್ಕೆ ಇಳಿದ ಮೇಲೆ ಲೈನು ಒಳಗೆ ಕೊಡುತ್ತಿದ್ದಳು. ಯಾರೂ ಅವಳಿಗೆ ಹೀಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ಬಿಸಿಯಾದದ್ದನ್ನು ಆರಿಸಿ ಕೊಡುವುದು ಅವಳಿಗೆ ಹುಟ್ಟಿನಿಂದ ಬಂದ ಗುಣ.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅವಳ ಟೆಲಿಫೋನ್ ಬೋರ್ಡು ಗುಜರಿಗೆ ಹೋಯಿತು. ಇನ್ನು ತನ್ನದೇ ಸರದಿ ಎಂದುಕೊಂಡಿದ್ದಳು. ಅಷ್ಟರಲ್ಲಿ ಕಂಪನಿಯೊಳಗೇ ಯುದ್ಧ ಶುರುವಾಗಿ ಅವಳ ಕೆಲಸ ಉಳಿಯಿತು.

ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ವಿಭಾಗ, ಕೆಳಗೆ ಗೋದಾಮು. ಎರಡಕ್ಕೂ ಎಣ್ಣೆ ಸೀಗೆಕಾಯಿ. ಕಂಪ್ಯೂಟರಿನವರು ತಪ್ಪು ಲೆಕ್ಕ ತೋರಿಸುತ್ತಾರೆಂದು ಗೋದಾಮಿನವರು, ಗೋದಾಮಿನವರು ತಪ್ಪಾಗಿ ಲೆಕ್ಕ ಹಾಕುತ್ತಾರೆಂದು ಕಂಪ್ಯೂಟರಿನವರು. ಗೋದಾಮಿನ ಮುಖ್ಯಸ್ಥನಿಗೆ ಗಂಟಲಪ್ಪ ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಅವನು ಮಾಮೂಲಿಯಾಗಿ ಮಾತಾಡಿದರೂ ಕಪಾಟಿನ ಗಾಜು ಅದುರುತ್ತಿತ್ತು. ಮೇಲಿನ ಕಂಪ್ಯೂಟರ್ ಸಾಹೇಬನ ದನಿ ಎಂದೂ ಏರುತ್ತಿರಲಿಲ್ಲ. ಪರದೆಯಿಂದ ಕಣ್ಣು ಕೀಳದೆ ಒಂದೇ ವಾಕ್ಯದಲ್ಲಿ ಎದುರಿಗಿದ್ದವನ ಚರ್ಮ ಸುಲಿಯುತ್ತಿದ್ದ. ಇಬ್ಬರೂ ಒಮ್ಮೆ ಮೆಟ್ಟಿಲ ಮೇಲೆ ಕೊರಳಪಟ್ಟಿ ಹಿಡಿದುಕೊಂಡ ಮೇಲೆ ಹಳೆಯ ಧಣಿಗಳು ಒಂದು ತೀರ್ಪು ಕೊಟ್ಟರು. ಇನ್ನು ಮೇಲೆ ಇವರಿಬ್ಬರ ಮಾತೆಲ್ಲ ಈಯಮ್ಮನ ಮೂಲಕ ಹೋಗಲಿ.

ಮೆಟ್ಟಿಲು ತಿರುಗುವ ಕಡೆ, ಕಿಟಕಿಯ ಪಕ್ಕ, ಅವಳಿಗೊಂದು ಮೇಜು ಹಾಕಿಸಿದರು.

ಗಂಟಲಪ್ಪ ಕೆಳಗಿನಿಂದಲೇ ಕೂಗುತ್ತಿದ್ದ. "ಅಕ್ಕಾ, ಆ ಮೇಲಿನ ಗೂಬೆಗಳಿಗೆ ಹೇಳು, ಅವರ ಮಿಷಿನ್ನು ಸ್ಟಾಕ್ ಇಲ್ಲ ಅಂತಿರೋ ಪೆಟ್ಟಿಗೆ ಮೇಲೇ ನಾನೀಗ ಕೂತಿದೀನಿ ಅಂತ."

ಅವಳು ಮೇಲೆ ಹತ್ತಿ ಹೋಗಿ, ಒಂದು ಮಾಲಿನ ಲೆಕ್ಕ ಪರದೆಯಲ್ಲಿ ಕಾಣುತ್ತಿಲ್ಲವಂತೆ, ನಿಮ್ಮ ಕಣ್ಣಿಗೆ ಬಿದ್ದರೆ ಎರಡು ನಿಮಿಷದ ಕೆಲಸವಂತೆ ಎನ್ನುತ್ತಿದ್ದಳು. ಗುಂಡಿ ಒತ್ತಲು ಬಾರದ ಕತ್ತೆಗಳಿಗೆ ಕಂಪ್ಯೂಟರ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಸಾಹೇಬ ಪರದೆಗೇ ಹೇಳುತ್ತಿದ್ದ. ಅವಳು ಕೆಳಗಿಳಿದು ಬಂದು, ಸಾಹೇಬರು ನೋಡುತ್ತಾರಂತೆ ಅಣ್ಣಾ, ಕೊನೆಯ ಗುಂಡಿ ಒತ್ತಿದ್ದೀರಾ ಅಂತ ಮಾತ್ರ ಕೇಳಿದರು ಎನ್ನುತ್ತಿದ್ದಳು. ಕೆಲಸ ಹೇಗೋ ಆಗುತ್ತಿತ್ತು. ತಾನು ಗದರಿದ್ದಕ್ಕೇ ಮೇಲಿನವರು ಹೆದರಿ ಮಾಡಿದರೆಂದು ಗಂಟಲಪ್ಪ ಮೀಸೆ ತಿರುವುತ್ತಿದ್ದ. ಕೆಳಗಿನವರು ಕೊನೆಗೂ ಬೇಡಿಕೊಳ್ಳುವುದನ್ನು ಕಲಿತರೆಂದು ಸಾಹೇಬ ಹಿಗ್ಗುತ್ತಿದ್ದ.

ಟಪಾಲಕ್ಕನಿಗೂ ಜಂಬವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡರೆ ಈ ಕಟ್ಟಡ ಕುಸಿದು ಕೂರುತ್ತದೆ ಎಂದು ಊಟಕ್ಕೆ ಕೂತಾಗ ಮಗಳಿಗೆ ಹೇಳುತ್ತಿದ್ದಳು. ಯಾರು ಯಾರನ್ನು ಏನೆಂದು ಬೈದರು ಎಂಬುದು ಇಡೀ ಕಂಪನಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಆ ಬೈಗುಳಗಳನ್ನೆಲ್ಲ ಮನೆಯಲ್ಲಿ ಅಭಿನಯಿಸಿ ತೋರಿಸುವಳು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಗುವರು.

ಹಳೆಯ ಧಣಿಗಳು ಹೋದರು. ಅವರ ಮಗ ಚಿಕ್ಕ ಧಣಿ ಬಂದ. ಅದೇ ವರ್ಷದ ಬೇಸಿಗೆಯಲ್ಲಿ ಒಂದು ಲಾರಿಯ ಪ್ರಕರಣ ನಡೆಯಿತು.

ಕೆಲವು ಔಷಧಿಗಳನ್ನು ತಣ್ಣಗೇ ಇಟ್ಟಿರಬೇಕು. ಅವಕ್ಕೆ ತಂಪು ಪೆಟ್ಟಿಗೆಯ ಬೇರೆ ಲಾರಿ. ಆದರೆ ಕಂಪ್ಯೂಟರಿನಿಂದ ಬರುವ ಚೀಟಿಯಲ್ಲಿ ತಣ್ಣನೆಯ ಮಾಲಿಗೂ ಸಾದಾ ಮಾಲಿಗೂ ಯಾವ ಗುರುತೂ ಇರಲಿಲ್ಲ. ಹಳಬರಿಗೆ ಹೆಸರು ನೋಡಿದರೆ ತಿಳಿಯುತ್ತಿತ್ತು. ಹಳಬರು ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದರು. ಗಂಟಲಪ್ಪ ಅಂದು ಕೂಗಲಿಲ್ಲ. ಅವಳ ಮೇಜಿನ ತನಕ ಹತ್ತಿ ಬಂದ.

"ಆ ಶುಂಠಿಗೆ ಹೇಳಕ್ಕಾ. ಗುರುತು ಹಾಕ್ಲಿಲ್ಲ ಅಂದ್ರೆ ಹೊಸಬರು ಮಾಮೂಲಿ ಲಾರಿಗೆ ತುಂಬಿಬಿಡ್ತಾರೆ. ಬಿಸಿಲಲ್ಲಿ ಕೆಟ್ಟ ಔಷಧಿ ಚುಚ್ಚಿಸ್ಕೊಂಡು ಯಾರೋ ಸಾಯ್ತಾರೆ. ಇದೇ ಮಾತಲ್ಲಿ ಹೇಳು."

ಅವಳು ಮೇಲೆ ಹೋದಾಗ ಸಾಹೇಬ ಚಿಕ್ಕ ಧಣಿಯ ಹತ್ತಿರ ಬೈಸಿಕೊಂಡು ಆಗಷ್ಟೇ ಬಂದು ಕೂತಿದ್ದ. ಮುಖ ಗಂಟಿಕ್ಕಿತ್ತು. ಟಪಾಲಕ್ಕ ಮೊದಲು ಓದುತ್ತಿದ್ದುದು ಮುಖವನ್ನು, ಮಾತು ಆಮೇಲೆ. ಸಾವಿನ ಸುದ್ದಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋದಳು.

"ಬಿಡುವಾದಾಗ ತಣ್ಣನೆ ಔಷಧಿಗೆ ಒಂದು ಗುರುತು ಹಾಕಿಕೊಟ್ರೆ ಅನುಕೂಲ ಆಗುತ್ತಂತೆ ಸರ್."

ಬಿಡುವಾದಾಗ ನೋಡೋಣ ಎಂದ ಸಾಹೇಬ. ಮಾಡಿಕೊಡುತ್ತಾರಂತೆ ಅಣ್ಣಾ ಎಂದಳು ಕೆಳಗೆ. ಗಂಟಲಪ್ಪ ನಿಶ್ಚಿಂತನಾದ. ಬಿಡುವು ಬರಲೇ ಇಲ್ಲ. ಹೊಸಬರು ಮಾಮೂಲಿ ಲಾರಿಗೆ ಮಾಲು ತುಂಬಿದರು. ಲಾರಿ ಇಡೀ ದಿನ ರಸ್ತೆಯ ಸುಡುಬಿಸಿಲಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತಿತು. ಪುಣ್ಯಕ್ಕೆ ಆಸ್ಪತ್ರೆಯವರು ಪೆಟ್ಟಿಗೆ ಮುಟ್ಟಿ ನೋಡಿ ಇಳಿಸಿಕೊಳ್ಳದೆ ವಾಪಸು ಕಳಿಸಿದರು. ಯಾರೂ ಸಾಯಲಿಲ್ಲ. ಆದರೆ ಅಷ್ಟೂ ಮಾಲನ್ನು ಸುಡಬೇಕಾಯಿತು, ಆ ಆಸ್ಪತ್ರೆಯವರು ಮತ್ತೆ ಈ ಕಂಪನಿಯ ಮುಖ ನೋಡಲಿಲ್ಲ.

ವಿಭಾಗಗಳ ನಡುವೆ ಮಾತುಕತೆ ಸುಧಾರಿಸಬೇಕೆಂದು ಚಿಕ್ಕ ಧಣಿ ಒಬ್ಬ ಸಲಹೆಗಾರನನ್ನು ಕರೆಸಿದ. ನಗುಮುಖದ ಮನುಷ್ಯ. ಯಾರನ್ನೂ ಏಕವಚನದಲ್ಲಿ ಮಾತಾಡಿಸುವವನಲ್ಲ. ಒಂದೊಂದು ವಿಭಾಗದಲ್ಲೂ ಅರ್ಧ ದಿನ ಕೂತು ಎಲ್ಲರ ದೂರು ಕೇಳಿಕೊಂಡ, ಮೇಲಿನವರ ಮಾತನ್ನೂ ಕೆಳಗಿನವರ ಮಾತನ್ನೂ ತಾಳೆ ಹಾಕಿ ನೋಡಿದ. ಆಮೇಲೆ ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ಗುಂಡಗೆ ಹಾಕಿಸಿ ಎಲ್ಲರನ್ನೂ ಕರೆದ. ನಡೆದದ್ದನ್ನು ಹೇಳಿಕೊಳ್ಳಲು ತನಗೂ ಒಂದು ಅವಕಾಶ ಸಿಕ್ಕೀತೆಂದು ಟಪಾಲಕ್ಕ ಇಸ್ತ್ರಿ ಬಟ್ಟೆ ಉಟ್ಟು ಬಂದಿದ್ದಳು. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡೂ ಇದ್ದಳು. ಸಲಹೆಗಾರ ಅವಳನ್ನು ಮೇಡಂ ಎಂದು ಕರೆದು ನಡುವೆ ನಿಲ್ಲಿಸಿದ. ನಾವೊಂದು ಸಣ್ಣ ಆಟ ಆಡೋಣ, ಅವರು ಕಿವಿಯಲ್ಲಿ ಹೇಳಿದ್ದನ್ನು ನೀವು ಇವರಿಗೆ ಮುಟ್ಟಿಸಿ, ದಿನಾ ಮುಟ್ಟಿಸುವ ಹಾಗೆಯೇ ಎಂದ.

ಗಂಟಲಪ್ಪ ಅವಳ ಕಿವಿಗೆ ಬಾಯಿಟ್ಟು ಹೇಳಿದ. ಅವಳು ಸಾಹೇಬನ ಕಡೆ ತಿರುಗಿ, ಲೆಕ್ಕದ ಪ್ರೋಗ್ರಾಮಿನಲ್ಲಿ ಏನೋ ಸಣ್ಣ ತೊಡಕಿದೆಯಂತೆ ಸರ್ ಎಂದಳು. ಈಗ ಮೂಲ ಕೇಳೋಣ ಎಂದ ಸಲಹೆಗಾರ. ಗಂಟಲಪ್ಪ ಎದ್ದು ನಿಂತು, "ಅವನ ಪ್ರೋಗ್ರಾಮಿಗಿಂತ ನನ್ನ ಗೋದಾಮಿನ ಇಲಿಗಳು ಚೆನ್ನಾಗಿ ಲೆಕ್ಕ ಇಡ್ತವೆ ಅಂದಿದ್ದೆ" ಎಂದ. ಕೋಣೆ ಒಮ್ಮೆಲೇ ನಕ್ಕಿತು. ಸಾಹೇಬನೂ ನಕ್ಕ. ಅವನಿಗೆ ಅಷ್ಟು ಹಲ್ಲುಗಳಿವೆಯೆಂದು ಅವಳಿಗೆ ಅಂದೇ ಗೊತ್ತಾದದ್ದು.

ಆಮೇಲೆ ಸಾಹೇಬನ ಸರದಿ. ಅವನು ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಟಪಾಲಕ್ಕ ಗಂಟಲಪ್ಪನ ಕಡೆ ತಿರುಗಿದಳು. ನಿಮ್ಮ ಮಾತು ಬಹಳ ದೂರದವರೆಗೂ ಮುಟ್ಟುತ್ತದೆ ಅಂತ ಸಾಹೇಬರು ಹೇಳುತ್ತಾರೆ ಅಣ್ಣಾ ಎಂದಳು. ಸಾಹೇಬ ಕೂತಲ್ಲಿಂದಲೇ ಮೂಲ ಹೇಳಿದ. "ದೇವರು ಗಂಟಲಿಗೆ ಕೊಟ್ಟಿದ್ದರಲ್ಲಿ ಕಾಲು ಭಾಗ ತಲೆಗೆ ಕೊಟ್ಟಿದ್ರೂ ಈತ ಉದ್ಧಾರ ಆಗ್ತಿದ್ದ."

ಈ ಸಲ ಜನ ಕುರ್ಚಿಯಿಂದ ಜಾರುವಷ್ಟು ನಕ್ಕರು. ಗಂಟಲಪ್ಪನಿಗಂತೂ ಕಣ್ಣಲ್ಲಿ ನೀರು. ಬೈಸಿಕೊಂಡವನು ಅವನೇ. ಆದರೆ ಯಾರೂ ಅವನನ್ನು ನೋಡಿ ನಗುತ್ತಿರಲಿಲ್ಲ. ಎಲ್ಲರ ಕಣ್ಣೂ ನಡುವೆ ನಿಂತವಳ ಮೇಲಿತ್ತು.

ಕೊನೆಯ ಸಲ ಮಾತು ಒಂದಿಷ್ಟೂ ಬದಲಾಗಬಾರದು ಎಂದ ಸಲಹೆಗಾರ. ಗಂಟಲಪ್ಪ, ಸಾಹೇಬ ಇಬ್ಬರೂ ತಲೆಗೆ ತಲೆ ತಾಗಿಸಿ ಗುಸುಗುಸು ಮಾಡಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ನೇರವಾಗಿ ಮಾತಾಡಿಕೊಂಡದ್ದು ಅದೇ ಮೊದಲು. ಆಮೇಲೆ ಸಾಹೇಬ ಅವಳಿಗೆ ಒಂದು ವಾಕ್ಯ ಹೇಳಿದ. ಒಂದು ಶಬ್ದದ ಹತ್ತಿರ ಅವಳಿಗೆ ಅನುಮಾನ ಬಂತು. ಇಲ್ಲಿ ನನ್ನ ಎನ್ನಬೇಕೇ, ಅವರು ಹೇಳಿದ ಹಾಗೆಯೇ ಹೇಳಬೇಕೇ ಎಂದು ಸಲಹೆಗಾರನನ್ನು ಮೆಲ್ಲಗೆ ಕೇಳಿದಳು. ಹೇಳಿದ ಹಾಗೆಯೇ ಎಂದು ಅವನು ನಗುತ್ತಾ ಹೇಳಿದ.

"ಇಷ್ಟು ವರ್ಷ ನಮ್ಮ ನಡುವೆ ಅಡ್ಡ ಇದ್ದಿದ್ದು ಗೋದಾಮಲ್ಲ, ಕಂಪ್ಯೂಟರಲ್ಲ, ಈ ಹೆಂಗಸಿನ ಸುಳ್ಳು ನಾಲಿಗೆ."

ಅಕ್ಷರ ತಪ್ಪದೆ ಹೇಳಿದಳು. ಚಪ್ಪಾಳೆ ಬಿತ್ತು. ಗಂಟಲಪ್ಪ ಎದ್ದು ಬಂದು ಸಾಹೇಬನ ಹೆಗಲ ಮೇಲೆ ಕೈ ಹಾಕಿದ. ಮಾತುಕತೆ ಶುರುವಾಯಿತು ನೋಡಿ ಎಂದು ಸಲಹೆಗಾರ ಚಿಕ್ಕ ಧಣಿಗೆ ಹೇಳಿದ. ಅದು ನಿಜವೂ ಆಗಿತ್ತು. ಅಂದು ಮಧ್ಯಾಹ್ನವೇ ಮೇಲಿನವರೂ ಕೆಳಗಿನವರೂ ಒಂದೇ ಮೇಜಿನಲ್ಲಿ ಊಟ ಮಾಡಿದರು. ಔಷಧಿಯ ಗುರುತಿನ ಕೆಲಸ ಅದೇ ವಾರ ಮುಗಿಯಿತು. ಊಟದ ಮೇಜಿನಲ್ಲಿ ಮಾತು ನಿಂತಾಗಲೆಲ್ಲ ಯಾರಾದರೊಬ್ಬರು ಟಪಾಲಕ್ಕನ ದನಿಯಲ್ಲಿ ರಾಗ ಎಳೆದರೆ ಸಾಕು, ಮತ್ತೆ ಕಳೆ ಕಟ್ಟುತ್ತಿತ್ತು.

ಅವಳು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತನ್ನು ಯಾರೂ ಕೇಳಲಿಲ್ಲ. ಸಾಯುತ್ತಾರೆ ಎಂಬ ಮಾತನ್ನು ನುಂಗಿದ್ದು ತಪ್ಪೆಂದು ಅವಳಿಗೇ ಗೊತ್ತಿತ್ತು. ಅದೊಂದನ್ನು ಒಪ್ಪಿಕೊಂಡು, ಉಳಿದ ವರ್ಷಗಳನ್ನೂ ಒಂದಿಷ್ಟು ಲೆಕ್ಕಕ್ಕೆ ಹಿಡಿಯಿರಿ ಎನ್ನಬೇಕೆಂದಿದ್ದಳು, ಅಷ್ಟೇ.

ಅವಳನ್ನು ಮನೆಗೆ ಕಳಿಸುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಸಲಹೆಗಾರ ಬಿಡಲಿಲ್ಲ. ಈಯಮ್ಮ ಬಂಗಾರ, ನನಗೆ ಕೊಡಿ ಎಂದು ಚಿಕ್ಕ ಧಣಿಯನ್ನು ಕೇಳಿಕೊಂಡ. ಅಲ್ಲಿಂದ ಮುಂದೆ ವಾರಕ್ಕೊಂದೆರಡು ಸಲ ಅವನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೇರೆ ಬೇರೆ ಕಂಪನಿಗಳಿಗೆ ಹೋಗುವುದೇ ಅವಳ ಕೆಲಸವಾಯಿತು. ಎಲ್ಲ ಕಡೆಯೂ ಗುಂಡಗೆ ಹಾಕಿದ ಕುರ್ಚಿಗಳು, ಅದೇ ಆಟ. ಕಿವಿಯಲ್ಲಿ ಬೈಗುಳ, ಬಾಯಲ್ಲಿ ಸಕ್ಕರೆ, ಆಮೇಲೆ ನಗು. ಬರುಬರುತ್ತಾ ಅವಳು ಅದರಲ್ಲಿ ಪಳಗಿದಳು. ಎಲ್ಲಿ ತಡೆಯಬೇಕು, ಎಲ್ಲಿ ಸೆರಗು ಸರಿಮಾಡಿಕೊಂಡು ರಾಗ ಎಳೆಯಬೇಕು ಎಂದು ತಿಳಿಯಿತು. ನಗು ಕಡಿಮೆ ಬಿದ್ದ ದಿನ ಕಾರಿನಲ್ಲಿ ಅವಳಿಗೇ ಕಸಿವಿಸಿಯಾಗುತ್ತಿತ್ತು. ತರಬೇತಿ ಕೊಡಲು ಕರೆದುಕೊಂಡು ಹೋಗುತ್ತಾರೆ ಎಂದಷ್ಟೇ ಮಗಳಿಗೆ ಹೇಳಿದ್ದಳು. ಮಗಳು ಅದನ್ನು ಹೆಮ್ಮೆಯಿಂದ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ಮುಂದಿನ ಬೇಸಿಗೆಯಲ್ಲಿ ಮತ್ತೊಂದು ಲಾರಿ ಮಾಲು ಕೆಟ್ಟಿತು. ಲಾರಿಯ ತಂಪು ಯಂತ್ರ ಹಾಳಾಗಿದೆಯೆಂದು ಡ್ರೈವರ್ ಗೋದಾಮಿಗೂ ಹೇಳಿದ್ದ, ಮೇಲೂ ಹೋಗಿ ಹೇಳಿದ್ದ. ಈ ಸಲ ಜಗಳವೇ ಆಗಲಿಲ್ಲ. ಗಂಟಲಪ್ಪ ಮತ್ತು ಸಾಹೇಬ ಒಟ್ಟಿಗೆ ಕೂತು, ಚಹಾ ಕುಡಿಯುತ್ತಾ, ಡ್ರೈವರನದೇ ತಪ್ಪೆಂದು ಒಮ್ಮತಕ್ಕೆ ಬಂದರು. ಕೆಲಸ ಹೋದ ಡ್ರೈವರ್ ಮೆಟ್ಟಿಲ ತಿರುವಿನಲ್ಲಿ ಟಪಾಲಕ್ಕನ ಮುಂದೆ ನಿಂತು, ಅವಳ ಗಂಡನ ಹೆಸರೆತ್ತಿ, ಒಂದು ಮಾತು ಹೇಳಿ ನೋಡಿ ಎಂದು ಕೈ ಮುಗಿದ. ನನ್ನ ಮಾತಿಗೆ ಇಲ್ಲಿ ಕಿವಿ ಎಲ್ಲಿದೆ ಎಂದಳು. ಕೆಳಗೆ ಸಲಹೆಗಾರನ ಕಾರು ಬಂದಿತ್ತು. ಅವಳು ಬ್ಯಾಗು ತೆಗೆದುಕೊಂಡು ಡ್ರೈವರನ ಪಕ್ಕದಿಂದ ಸರಿದು ಇಳಿದು ಹೋದಳು.

ಮಗಳು ಒಂದು ವಿಮಾ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಈಗ ಊಟದ ಹೊತ್ತಿನ ಕಥೆಗಳು ಅವಳವು. ಅವಳ ಮೇಲಧಿಕಾರಿ ಒಬ್ಬ ಹೆಂಗಸು. ಮಗಳನ್ನು ತಂಗಿಯಂತೆ ನೋಡಿಕೊಳ್ಳುತ್ತಿದ್ದಳು. ಗಂಡ ತನ್ನನ್ನು ಬಿಟ್ಟು ಬೇರೊಬ್ಬಳ ಜೊತೆ ಹೋಗಿದ್ದನ್ನು ಆಕೆ ಆಫೀಸಿನಲ್ಲಿ ಮಗಳೊಬ್ಬಳ ಹತ್ತಿರ ಮಾತ್ರ ಹೇಳಿಕೊಂಡು ಅತ್ತಿದ್ದಳಂತೆ. ಮಗಳು ಅದನ್ನು ತಾಯಿಗೆ ಹೇಳಿದ್ದಳು.

ಒಂದು ಬೆಳಿಗ್ಗೆ ಕಾರು ಆ ವಿಮಾ ಕಂಪನಿಯ ಮುಂದೆಯೇ ನಿಂತಿತು. ಇಲ್ಲಿ ನನ್ನ ಮಗಳಿದ್ದಾಳೆ ಎಂದು ಹೇಳಲು ಟಪಾಲಕ್ಕ ಬಾಯಿ ತೆರೆದಳು. ಸಲಹೆಗಾರ ಫೋನಿನಲ್ಲಿದ್ದ, ಕೈಸನ್ನೆಯಲ್ಲೇ ಒಳಗೆ ನಡೆಯಿರಿ ಎಂದ.

ಮಗಳು ಮೇಲಧಿಕಾರಿಯ ಪಕ್ಕದಲ್ಲಿ ಕೂತಿದ್ದಳು. ತಾಯಿಯನ್ನು ಕಂಡು ಮೊದಲು ಅವಳ ಮುಖ ಅರಳಿತು. ಆಟ ಶುರುವಾಯಿತು. ಮೊದಲ ನಗು ಎದ್ದಾಗ ಟಪಾಲಕ್ಕ ಆ ಕಡೆ ನೋಡಲಿಲ್ಲ. ಎರಡನೆಯ ನಗು ಏಳುವ ಹೊತ್ತಿಗೆ ನೋಡದೆ ಇರಲಾಗಲಿಲ್ಲ. ಮೇಲಧಿಕಾರಿ ಮಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಚಹಾದ ಹೊತ್ತಿನಲ್ಲಿ ಇಬ್ಬರೂ ಲೋಟ ಹಿಡಿದು ಅವಳ ಮುಂದೆಯೇ ಹಾದುಹೋಗುತ್ತಿದ್ದರು. ಮೇಲಧಿಕಾರಿ ನಿಂತು, ಬಹಳ ನಗಿಸಿದಿರಿ ಎಂದಳು. ಮಗಳೂ ನಿಲ್ಲಬೇಕಾಯಿತು.

"ಚೆನ್ನಾಗಿತ್ತು ಮೇಡಂ" ಎಂದಳು ಮಗಳು.

ಸಂಜೆ ಮನೆಯಲ್ಲಿ ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, ಇದನ್ನೇನಾ ನೀನು ತರಬೇತಿ ಅಂತಿದ್ದಿದ್ದು ಎಂದು. ನಾಳೆಯೂ ಇದೆಯಂತಲ್ಲ, ಅಲ್ಲಿ ಯಾರಿಗೂ ನಾವು ಯಾರು ಅಂತ ಹೇಳಬೇಡ ಎಂದಳು ಮಗಳು. ಆಗಲಿ ಎಂದಳು ತಾಯಿ.

ಮರುದಿನ ಸಲಹೆಗಾರ ಆಟಕ್ಕೆ ಕರೆದದ್ದು ಅಲ್ಲಿನ ಕಂಪ್ಯೂಟರ್ ವಿಭಾಗದ ಒಬ್ಬನನ್ನು ಮತ್ತು ಆ ಮೇಲಧಿಕಾರಿಯನ್ನು. ಕಂಪ್ಯೂಟರಿನವನು ಸಾಧು ಪ್ರಾಣಿ. ಟಪಾಲಕ್ಕನ ಕಿವಿಯಲ್ಲಿ, ಆಯಮ್ಮ ಕಡತ ಕಳಿಸುವುದು ಯಾವಾಗಲೂ ತಡ, ಗಡಿಯಾರ ನೋಡಲು ಬರುವುದಿಲ್ಲವೇ ಅಂತ ಕೇಳಿ ಎಂದು ನಾಚಿಕೊಂಡೇ ಹೇಳಿದ. ಮೇಲಧಿಕಾರಿ ಆಗಲೇ ನಗುತ್ತಾ ನಿಂತಿದ್ದಳು. ಮಗಳು ಅದೇ ಕುರ್ಚಿಯಲ್ಲಿ ಕೂತು ಕಾಲುಬೆರಳು ನೋಡುತ್ತಿದ್ದಳು. ಟಪಾಲಕ್ಕ ಒಂದು ಗಳಿಗೆ ಅವಳನ್ನು ನೋಡಿದಳು. ಆಮೇಲೆ ಮೇಲಧಿಕಾರಿಯ ಕಡೆ ತಿರುಗಿ, ಟೆಲಿಫೋನಿನ ಕಾಲದ ಅದೇ ಸಿಹಿ ದನಿಯಲ್ಲಿ ಹೇಳಿದಳು.

"ಕಟ್ಟಿಕೊಂಡ ಗಂಡನನ್ನೇ ಮನೇಲಿ ನಿಲ್ಲಿಸ್ಕೊಳ್ಳೋಕೆ ಆಗದವಳು ಕಡತ ಎಲ್ಲಿ ಹೊತ್ತಿಗೆ ಸರಿಯಾಗಿ ಕಳಿಸ್ತಾಳೆ ಅಂತಾರೆ."

ಆಚೆ ಬದಿಯ ಕುರ್ಚಿಗಳಲ್ಲಿ ಒಬ್ಬರಿಬ್ಬರು ರೂಢಿಯಿಂದ ನಕ್ಕು ತಟ್ಟನೆ ನಿಲ್ಲಿಸಿದರು. ನಾನು ಹಾಗೆ ಹೇಳಲಿಲ್ಲ, ದೇವರಾಣೆ ಹೇಳಲಿಲ್ಲ ಎಂದು ಕಂಪ್ಯೂಟರಿನವನು ಎಲ್ಲರ ಮುಖವನ್ನೂ ನೋಡುತ್ತಾ ಹೇಳತೊಡಗಿದ. ಅವನನ್ನು ಯಾರೂ ನಂಬಿದಂತೆ ಕಾಣಲಿಲ್ಲ. ಮೇಲಧಿಕಾರಿ ಅವನನ್ನು ನೋಡಲಿಲ್ಲ, ಟಪಾಲಕ್ಕನನ್ನೂ ನೋಡಲಿಲ್ಲ. ಮಗಳನ್ನು ನೋಡಿದಳು. ಆಮೇಲೆ ಕುರ್ಚಿಗಳನ್ನು ಸರಿಸಿಕೊಂಡು ಹೊರಗೆ ನಡೆದಳು. ಮಗಳು ಅವಳ ಹಿಂದೆ ಓಡಿದಳು.

ಟಪಾಲಕ್ಕ ಇದ್ದಲ್ಲೇ ನಿಂತಿದ್ದಳು. ಭಯದ ಅಡಿಯಲ್ಲಿ ಎಲ್ಲೋ ಒಂದು ಹಗುರವೂ ಇತ್ತು. ತುಂಬ ಹೊತ್ತು ಬಿಗಿಹಿಡಿದ ಮುಷ್ಟಿ ಬಿಚ್ಚಿದಂತೆ. ಅದು ಕಾರು ಹತ್ತುವ ತನಕವೂ ಇಳಿಯಲಿಲ್ಲ.

ಕಾರಿನಲ್ಲಿ ಸಲಹೆಗಾರ ಅವಳನ್ನು ಮೇಡಂ ಎನ್ನಲಿಲ್ಲ. ನಾಳೆಯಿಂದ ಬರುವುದು ಬೇಡ, ಹಿಂದೆ ತೆಗೆದಿಟ್ಟ ನಿನ್ನ ಆಟದ ಒಳ್ಳೆಯ ವಿಡಿಯೋ ಒಂದಿದೆ, ಅದನ್ನೇ ಹಾಕಿ ತೋರಿಸುತ್ತೇನೆ ಎಂದ. ಬಸ್ ನಿಲ್ದಾಣದ ಹತ್ತಿರ ಇಳಿಸಿ ಹೋದ. ಸುದ್ದಿ ಅವಳಿಗಿಂತ ಮೊದಲು ಕಂಪನಿ ಮುಟ್ಟಿತ್ತು. ಮರುದಿನ ಅವಳು ಹೋಗುವ ಹೊತ್ತಿಗೆ ಮೆಟ್ಟಿಲ ತಿರುವಿನಲ್ಲಿ ಮೇಜು ಇರಲಿಲ್ಲ. ಗಂಟಲಪ್ಪನೂ ಸಾಹೇಬನೂ ಜೊತೆಯಾಗಿ ಬಂದು, ವಯಸ್ಸಾಯಿತಲ್ಲ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಅಷ್ಟು ಮೆತ್ತಗೆ ಮಾತಾಡಲು ಅವರಿಗೂ ಬರುತ್ತಿತ್ತು.

ಮನೆಯಲ್ಲಿ ಮಗಳು ಹಿಂದಿನ ರಾತ್ರಿಯೂ ಮಾತಾಡಿರಲಿಲ್ಲ, ಬೆಳಿಗ್ಗೆಯೂ ಇಲ್ಲ. ಸಂಜೆ ಬಂದು ಎದುರಿಗೆ ಕೂತಳು.

"ಅವರು ನನ್ನ ಹತ್ರ ಮಾತ್ರ ಹೇಳ್ಕೊಂಡಿದ್ರು ಅಮ್ಮ. ಇನ್ಯಾರಿಗೂ ಗೊತ್ತಿರ್ಲಿಲ್ಲ."

"ನೀನು ನಕ್ಕೆ" ಎಂದಳು ತಾಯಿ.

"ಎಲ್ಲರೂ ನಗ್ತಿದ್ರು. ನಾನೊಬ್ಬಳೇ ನಗದೆ ಕೂತಿದ್ರೆ ಯಾಕೆ ಅಂತ ಕೇಳ್ತಿದ್ರು."

ಅದು ಸುಳ್ಳಲ್ಲ. ಟಪಾಲಕ್ಕನಿಗೂ ಅದು ಗೊತ್ತಿತ್ತು. ತಪ್ಪಾಯಿತು ಮಗಳೇ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಇಂಥ ಮಾತುಗಳು ಅವಳ ಬಳಿ ರಾಶಿ ಬಿದ್ದಿದ್ದವು, ಊರಿನವರಿಗೆಲ್ಲ ಹಂಚಿದ್ದಳು. ಆದರೆ ಅಂದು ಅವಳು ಹೇಳಿದ್ದು ಬೇರೆ.

"ನನ್ನನ್ನ ಮೇಡಂ ಅಂದವಳು ಈಗ ಅಮ್ಮ ಅಂತೀಯಲ್ಲ."

ಮಗಳು ಎದ್ದು ಒಳಗೆ ಹೋದಳು. ಆ ತಿಂಗಳು ಕಳೆಯುವುದರೊಳಗೆ ಆಫೀಸಿಗೆ ಹತ್ತಿರವಾಗುತ್ತದೆಂದು ಬೇರೆ ಕೋಣೆ ಮಾಡಿದಳು. ಮೇಲಧಿಕಾರಿ ಅವಳನ್ನು ತನ್ನ ವಿಭಾಗದಿಂದ ತೆಗೆಸಿದ್ದಳು, ಕಂಡರೆ ಮುಖ ತಿರುಗಿಸುತ್ತಿದ್ದಳು. ಇದನ್ನು ತಾಯಿಗೆ ಹೇಳಿದ್ದು ಮಗಳಲ್ಲ, ಅವಳ ಸಾಮಾನು ಸಾಗಿಸಲು ಬಂದ ಗೆಳತಿ. ಸಾಮಾನು ಹೆಚ್ಚೇನಿರಲಿಲ್ಲ. ಒಂದೇ ಆಟೋದಲ್ಲಿ ಹಿಡಿಯಿತು.

ಈಗ ಭಾನುವಾರಗಳಂದು ಫೋನು ಬರುತ್ತದೆ. ಮಾತ್ರೆ ತಗೊಂಡ್ಯಾ ಎಂದು ಮಗಳು ಕೇಳುತ್ತಾಳೆ. ತಗೊಂಡೆ ಎನ್ನುತ್ತಾಳೆ. ಅಲ್ಲಿ ನೀರು ಸರಿಯಾಗಿ ಬರುತ್ತದಾ ಎಂದು ಇವಳು ಕೇಳುತ್ತಾಳೆ. ಬರುತ್ತೆ ಎನ್ನುತ್ತಾಳೆ ಅವಳು. ಮಗಳ ಕೋಣೆಯಲ್ಲಿ ಯಾರೋ ನಗುವುದು ಕೇಳಿಸುತ್ತದೆ, ಟಿ.ವಿ. ಇರಬೇಕು. ಮೊದಲು ಫೋನು ಇಡುವವಳು ಮಗಳೇ.